ಕೆಳಗೆ ನಿಂತು ಕರೆಯುವವರು

ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಮನೆ ಮಾಡಿದಂದಿನಿಂದ ನನ್ನ ಮನೆಗೆ ಬಂದವರಾರಿಗೂ ಬಸ್ಸು ತಪ್ಪಿಲ್ಲ. ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ, ಇದು ನನ್ನ ದೂರು.

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಗೋಡೆಗೆ ಬೆನ್ನು ಹಚ್ಚಿ ಕಟ್ಟಿದ ಕಾಂಪ್ಲೆಕ್ಸು ನಮ್ಮದು. ನೆಲಮಟ್ಟದಲ್ಲಿ ಅಂಗಡಿಗಳು: ಬೇಕರಿ, ಔಷಧದ ಅಂಗಡಿ, ಮೊಬೈಲ್ ರಿಪೇರಿ, ಒಂದು ಚಹಾದ ಅಂಗಡಿ. ಮೊದಲನೆಯ ಮಹಡಿಯಲ್ಲಿ ವಕೀಲರ ಆಫೀಸುಗಳು, ಝೆರಾಕ್ಸ್, ಒಂದು ಟೈಪಿಂಗ್ ಕ್ಲಾಸು. ಎರಡು ಮತ್ತು ಮೂರರಲ್ಲಿ ಮನೆಗಳು. ನನ್ನದು ಮೂರನೆಯದರಲ್ಲಿ, ಗ್ಯಾಲರಿ ಬಸ್ ಸ್ಟ್ಯಾಂಡಿನ ಕಡೆಗೆ. ಅಲ್ಲಿ ನಿಂತರೆ ನಿಪ್ಪಾಣಿ ಬಸ್ಸಿನ ಟಾಪಿನ ಮೇಲೆ ಯಾರ ಚೀಲ ಏರಿತು, ಅಥಣಿ ಬಸ್ಸಿಗೆ ಯಾರು ಓಡಿದರು, ಎಲ್ಲ ಕಾಣುತ್ತದೆ.

ಮನೆ ಮಾರಲು ಬಂದ ಹುಡುಗ ಬಣ್ಣದ ಕಾಗದ ಬಿಚ್ಚಿ ತೋರಿಸಿದ್ದ. ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಮನೆ, ಎದುರಿಗೆ ಬಸ್ಸು. ದೊಡ್ಡ ಶಹರಗಳಲ್ಲಿ ಈಗ ಹೀಗೆಯೇ ಕಟ್ಟುತ್ತಾರಂತೆ. "ಮೇಡಂ, ನಿಮಗ ಗಾಡಿನ ಬ್ಯಾಡ್ರಿ. ಚಪ್ಪಲ್ ಮೆಟ್ಟಿದ್ರ ಬಸ್ಸು," ಎಂದ. ಆ ಒಂದು ಮಾತಿಗೆ ನಾನು ಬಿದ್ದೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿ ದುಡಿದವಳು ನಾನು. ಹಾರೂಗೇರಿ ಕಡೆ ಕೆಲವು ವರ್ಷ, ರಾಯಬಾಗ ಕಡೆ ಕೆಲವು ವರ್ಷ, ಕಾಗವಾಡದ ಹತ್ತಿರ ಒಂದಷ್ಟು ವರ್ಷ. ಮಕ್ಕಳಿಗೆ ಕಲಿಸಿದ್ದಕ್ಕಿಂತ ಬಸ್ಸಿಗೆ ಕಾದದ್ದೇ ಹೆಚ್ಚು. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವ ಹೆಣ್ಣುಮಗಳು ಈ ಭಾಗದಲ್ಲಿ ಇರಲಿಲ್ಲ. ಬಸ್ಸಿಗಾಗಿ ಬಾಳನ್ನೆಲ್ಲ ಓಡಿದವಳ ಬಾಗಿಲಿಗೇ ಬಸ್ಸು ಬರುತ್ತದೆಂದರೆ ಯಾರು ಬೇಡವೆನ್ನುತ್ತಾರೆ? ರಿಟೈರ್ ಆದ ದುಡ್ಡು ಹಾಕಿ ಕೊಂಡುಬಿಟ್ಟೆ.

ಇನ್ನೂ ಒಂದು ಲೆಕ್ಕಾಚಾರ ಇತ್ತು. ಅದನ್ನು ಆಗ ಯಾರಿಗೂ ಹೇಳಿರಲಿಲ್ಲ. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಕಡಿಮೆಯಾಗಿದ್ದಾರೆ. ನಮ್ಮ ಬಳಗವೆಲ್ಲ ಅಥಣಿ, ರಾಯಬಾಗ, ನಿಪ್ಪಾಣಿ ಸುತ್ತ ಹರಡಿಕೊಂಡಿದೆ. ಯಾರು ಎಲ್ಲಿಗೆ ಹೋದರೂ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಯೇ ಮನೆ ಇದ್ದರೆ ಬಂದುಹೋಗುವವರಿಗೆ ಬರವೇ ಇಲ್ಲ, ಮುಪ್ಪಿನಲ್ಲಿ ಒಂಟಿತನ ಎಂಬುದು ನನ್ನ ಬಾಗಿಲಿಗೆ ಬರಲಾರದು ಎಂದುಕೊಂಡೆ.

ಇದಕ್ಕೆ ಅಡ್ಡ ಬಂದವಳು ನನ್ನ ಅಕ್ಕ ಒಬ್ಬಳೇ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಬೇಗ ತೀರಿಕೊಂಡಳು, ಅಕ್ಕನೇ ನನ್ನನ್ನು ಎತ್ತಿ ಆಡಿಸಿದವಳು. ನಿಪ್ಪಾಣಿಯ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋದ ಮೇಲೂ ನನ್ನನ್ನು ಬಿಡಲಿಲ್ಲ. ಗಂಡನ ಮನೆಯ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬೀಡಿ ಸುತ್ತಿ ನನ್ನನ್ನು ಟಿ.ಸಿ.ಎಚ್. ಓದಿಸಿದಳು. ನಾನು ಕಟ್ಟಿದ ಮೊದಲ ವಾಚು, ಉಟ್ಟ ಮೊದಲ ನೌಕರಿ ಸೀರೆ ಅವಳ ಬೆರಳುಗಳಿಂದ ಬಂದದ್ದು. ಮಾತಿನಲ್ಲಿ ಮಾತ್ರ ಮೆತ್ತಗೆ ಎಂಬುದು ಅವಳಿಗೆ ಗೊತ್ತಿಲ್ಲ. ಹೊಲದ ಈ ಬದುವಿನಲ್ಲಿ ನಿಂತು ಕೂಗಿದರೆ ಆ ಬದುವಿನ ಎತ್ತು ತಿರುಗಿ ನೋಡಬೇಕು, ಅಂಥ ದನಿ.

ನಾನು ಮನೆ ಕೊಳ್ಳುವ ಮಾತೆತ್ತಿದಾಗ ಅವಳು ಹೇಳಿದಳು, "ನಮ್ಮ ಮನಿ ಬಾಜೂಕ ಜಾಗಾ ಐತಿ. ಅಲ್ಲೆ ಒಂದ ಖೋಲಿ ಕಟ್ಟಿಸ್ಕೋ. ಇಬ್ರೂ ಕೂಡಿ ಇರೂಣು."

"ನಿನ್ನ ಮಗಾ ಸೊಸಿ ನಡುವ ನಾ ಎದಕ್ಕ ಬರ್ಲೆಕ್ಕಾ? ನನಗ ನನ್ನ ಮನಿ ಬೇಕ," ಎಂದೆ.

"ಬಸ್ ಸ್ಟ್ಯಾಂಡಿನ್ಯಾಗ ಯಾರರೇ ಮನಿ ಮಾಡ್ತಾರೇನ್ ಬೇ? ಬಸ್ ತಪ್ಪಿದವರ ಅಷ್ಟ ಅಲ್ಲಿ ಮಲಗೂದು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಶಾಲೆಯಲ್ಲಿ ಅದು ನಡೆಯಿತು, ಮನೆಯಲ್ಲಿ ನಡೆಯಲಿಲ್ಲ. "ನೀ ಓದ್ಸೀದಿ ಅಂತ ಸಾಯೂತನಕ ನಿನ್ನ ಹೇಳಿಕಿ ಕೇಳಬೇಕೇನ?" ಎಂದುಬಿಟ್ಟೆ. ಅಕ್ಕ ಸುಮ್ಮನಾದಳು. ಕೂಗಾಡಿದ್ದರೆ ಎರಡು ದಿನದಲ್ಲಿ ಮುಗಿಯುತ್ತಿತ್ತು. ಸುಮ್ಮನಾದದ್ದೇ ಕೆಟ್ಟದ್ದಾಯಿತು.

ಹೊಸಮನೆ ಹೊಗುವ ದಿನದ ಮನೆಶಾಂತಿಗೆ ಅವಳು ಬರಲಿಲ್ಲ. ಮಗ ಬಂದ, ಸೊಸೆ ಬಂದಳು, ಒಂದು ಸೀರೆ, ಒಂದು ಹಿತ್ತಾಳೆ ತಂಬಿಗೆ ಕೊಟ್ಟು ನಿಪ್ಪಾಣಿಯ ಬಸ್ಸು ಹಿಡಿದರು. ಅಕ್ಕನಿಗೆ ಏನಾಯಿತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಫೋನು ಮಾಡಬಹುದಿತ್ತು. ಆದರೆ ಸಿಟ್ಟಾದವಳು ಅವಳು, ಮೊದಲು ಮಾತಾಡಬೇಕಾದವಳೂ ಅವಳೇ ಎಂದು ನಾನು. ಚಿಕ್ಕವಳು ತಾನಾಗಿ ಬಗ್ಗಲಿ ಎಂದು ಅವಳು. ಹೀಗೆ ಎರಡು ವರ್ಷ ಹೋದವು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಒಂದು ದಿನ ಚಿಕ್ಕೋಡಿಯಲ್ಲಿ ಇಳಿದೇ ಇಳಿಯುತ್ತಾಳೆ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಬೆಳಗ್ಗೆ ನಿಪ್ಪಾಣಿ ಬಸ್ಸು ಬಂದಾಗ ಒಗೆದ ಬಟ್ಟೆ ಒಣಹಾಕುವ ನೆವದಲ್ಲಿ ಗ್ಯಾಲರಿಗೆ ಹೋಗಿ ಇಳಿಯುವವರ ತಲೆಗಳನ್ನು ಎಣಿಸುತ್ತಿದ್ದೆ.

ಬಳಗದವರು ಬಂದರು, ಇಲ್ಲ ಎನ್ನಲಾರೆ. ಮೊದಲ ತಿಂಗಳುಗಳಲ್ಲಿ ಮನೆ ತುಂಬಿ ತುಳುಕಿತು. ಅಥಣಿಯ ಚಿಕ್ಕಪ್ಪನ ಮಗ ಬಂದು ಮೊಬೈಲ್ ಚಾರ್ಜಿಗೆ ಹಾಕಿದ. ರಾಯಬಾಗದ ಅತ್ತಿಗೆ ಮಗಳ ಜೊತೆ ಬಂದು ಬಚ್ಚಲು ಕೇಳಿದಳು. "ಈ ಪಿಶವಿ ಇಟ್ಟ ಹೋಗ್ತೀವ್ರಿ, ಸಂಜಿಗಿ ಒಯ್ತೀವಿ" ಎಂದು ಕೈಚೀಲ ಇಟ್ಟುಹೋದವರೆಷ್ಟೋ. ಚಹಾ ಇಡುತ್ತೇನೆ ಎಂದರೆ ಗಡಿಯಾರ ನೋಡುತ್ತಾರೆ. "ನಾಕರ ಗಾಡಿ ಐತ್ರಿ" ಎನ್ನುತ್ತಾರೆ. ಗ್ಯಾಲರಿಯಲ್ಲಿ ನಿಂತು ಬಸ್ಸು ಬಂತೇ ಎಂದು ನೋಡುತ್ತಲೇ ಚಹಾ ಕುಡಿಯುತ್ತಾರೆ, ಬಂದ ಕೂಡಲೇ ಅರ್ಧಕ್ಕೆ ಬಿಟ್ಟು ಓಡುತ್ತಾರೆ. ಅವರ ಕಪ್ಪುಬಸಿಗಳನ್ನು ತೊಳೆಯುವಾಗ ನನಗೆ ಹಳೆಯ ಬಾಡಿಗೆ ಮನೆ ನೆನಪಾಗುತ್ತಿತ್ತು.

ಅದು ಊರೊಳಗೆ, ಓಣಿಯ ಕೊನೆಗೆ ಇತ್ತು. ಬಸ್ ಸ್ಟ್ಯಾಂಡಿಗೆ ಕಾಲುಗಂಟೆಯ ದಾರಿ. ಮಾತಾಡುತ್ತ ಕೂತವರಿಗೆ ಕೊನೆಯ ಬಸ್ಸು ತಪ್ಪುತ್ತಿತ್ತು. "ಹೋಗಲಿ ಬಿಡ್ರಿ, ಇರ್ರಿ ಇವತ್ತ" ಎಂದು ನಾನು ರೊಟ್ಟಿ ಬಡಿಯಲು ಕೂರುತ್ತಿದ್ದೆ. ಅವರು ಬಯ್ದುಕೊಳ್ಳುತ್ತ ಉಳಿಯುತ್ತಿದ್ದರು, ಹಾಸಿಗೆ ಹಾಸಿದ ಮೇಲೆ ಮನೆಯ ಗುಟ್ಟುಗಳೆಲ್ಲ ಹೊರಗೆ ಬರುತ್ತಿದ್ದವು. ನನ್ನ ಬಳಿ ಉಳಿದ ನೆಂಟರೆಲ್ಲ ಬಸ್ಸು ತಪ್ಪಿದವರೇ ಎಂದು ಆಗ ತಿಳಿದಿರಲಿಲ್ಲ. ಬಸ್ಸು ಕಣ್ಣೆದುರಿಗೆ ನಿಂತಿದ್ದರೆ ಯಾರು ತಪ್ಪಿಸಿಕೊಳ್ಳುತ್ತಾರೆ? ಅಕ್ಕ ಅಂದದ್ದು ತಿರುಗಾಮುರುಗಾ ನಿಜವಾಗಿತ್ತು.

ಆಮೇಲೆ ಬರುವವರೂ ಕಡಿಮೆಯಾದರು. ಕಾರಣ ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ನಮ್ಮ ಕಡೆ ಯಾರೂ ಬಾಗಿಲು ಬಡಿಯುವುದಿಲ್ಲ. ಬಾಗಿಲು ಬಡಿಯುವವನು ಪೋಸ್ಟಿನವನು, ಇಲ್ಲವೇ ಪೊಲೀಸಿನವನು. ಮನೆಗೆ ಬಂದವರು ಬೀದಿಯಲ್ಲಿ ನಿಂತು ಕರೆಯುತ್ತಾರೆ: "ಅಕ್ಕೋರ, ಅದೀರೇನ್ರಿ?" ಒಳಗಿದ್ದವರು ಓಗೊಟ್ಟು ಹೊಸ್ತಿಲಿಗೆ ಬಂದು "ಬರ್ರಿ, ಬರ್ರಿ" ಎನ್ನಬೇಕು. ಆಗಲೇ ಅವರು ಚಪ್ಪಲಿ ಬಿಡುವುದು. ಹೊರಗಿನವರು ಅರ್ಧ ದಾರಿ, ಒಳಗಿನವರು ಅರ್ಧ ದಾರಿ. ಜಗಳವಾಗಿದ್ದರಂತೂ ಇದು ಇನ್ನೂ ಮುಖ್ಯ. ಸಿಟ್ಟಾದವರು ಬಂದು ಹೊರಗೆ ನಿಂತು ಹೆಸರು ಹಿಡಿದು ಕರೆದರೆಂದರೆ ಅವರ ಪಾಲಿನದು ಮುಗಿಯಿತು. ಇನ್ನು ಒಳಗಿದ್ದವರು ಓಡಿಬರಬೇಕು. ಬಾಯಿ ಬಿಟ್ಟು ತಪ್ಪಾಯಿತು ಎನ್ನುವ ರೂಢಿ ನಮ್ಮಲ್ಲಿ ಇಲ್ಲ.

ಮೂರನೆಯ ಮಹಡಿಗೆ ಈ ಲೆಕ್ಕ ಹತ್ತುವುದಿಲ್ಲ. ನನ್ನ ಬಾಗಿಲಿಗೆ ಕರೆಗಂಟೆ ಇದೆ, ಒತ್ತಿದರೆ ಹಕ್ಕಿಯ ಹಾಗೆ ಕೂಗುತ್ತದೆ. ಆದರೆ ಅದನ್ನು ಒತ್ತಬೇಕಾದರೆ ಕರೆಯದೆಯೇ ಮೂರು ಮಹಡಿ ಹತ್ತಿ ಬರಬೇಕು. ಬಂದವರು ಕೆಳಗೆ ನಿಂತು ಒಂದೆರಡು ಸಲ ಕರೆಯುತ್ತಿದ್ದರಂತೆ. ಬಸ್ಸುಗಳ ಹಾರ್ನು, ಕಂಡಕ್ಟರುಗಳ ಕೂಗು, ಮೈಕಿನಲ್ಲಿ ಕನ್ನಡಕ್ಕೊಮ್ಮೆ ಮರಾಠಿಗೊಮ್ಮೆ ಒದರುವ ಆ ಹೆಣ್ಣುದನಿ, ಇವುಗಳ ನಡುವೆ ನನಗೇನು ಕೇಳಿಸಬೇಕು? ಅವರು ಮೇಲೆ ನೋಡುತ್ತಾರೆ. ಗ್ಯಾಲರಿಯ ಬಾಗಿಲು ತೆರೆದಿದೆ, ಒಳಗೆ ಫ್ಯಾನು ತಿರುಗುತ್ತಿದೆ, ನನ್ನ ಸೀರೆ ತಂತಿಯ ಮೇಲಿದೆ. ಇದ್ದೂ ಓಗೊಡಲಿಲ್ಲ, ಮಹಡಿ ಮನೆ ಆದ ಮೇಲೆ ಅಕ್ಕೋರಿಗೆ ಸೊಕ್ಕು ಬಂದಿದೆ ಎಂದುಕೊಂಡು ಹೋಗಿಬಿಡುತ್ತಾರೆ. ಇದನ್ನು ಒಬ್ಬ ಹಳೆಯ ಸಹೋದ್ಯೋಗಿ ಒಂದು ಮದುವೆಯಲ್ಲಿ ನಗುನಗುತ್ತ ನನಗೆ ಹೇಳಿದಳು. ನಾನೂ ನಕ್ಕೆ.

ಒಂಟಿತನ ಅಂದರೆ ಏನೆಂದು ನನಗೆ ಆ ಮನೆಯಲ್ಲಿ ತಿಳಿಯಿತು. ಗದ್ದಲದ ನಡುವಿನ ಒಂಟಿತನ ಬೇರೆಯೇ ಜಾತಿಯದು. ನನ್ನ ಎಡಗಡೆಯ ಮನೆಯ ಒಡೆಯ ಕೊಲ್ಲಾಪುರದಲ್ಲಿದ್ದಾನೆ, ಮನೆಗೆ ಬೀಗ. ಬಲಗಡೆ ಇಬ್ಬರು ಬ್ಯಾಂಕಿನ ಹುಡುಗಿಯರು, ಶನಿವಾರ ಬಂತೆಂದರೆ ಊರಿಗೆ ಹೋಗುತ್ತಾರೆ. ಎದುರು ಸಿಕ್ಕಾಗ "ನಮಸ್ತೆ ಆಂಟಿ" ಎಂದು ಕಿವಿಯಲ್ಲಿ ವಾಯರು ಸಿಕ್ಕಿಸಿಕೊಂಡೇ ಇಳಿಯುತ್ತಾರೆ. ದೀಪಾವಳಿಯ ಪಾಡ್ಯದ ದಿನ ಅಂಗಡಿಯವರು ಪೂಜೆ ಮುಗಿಸಿ ಶಟರು ಎಳೆದು ತಮ್ಮ ತಮ್ಮ ಮನೆಗೆ ಹೋದರು. ವಕೀಲರೂ ಇಲ್ಲ, ಟೈಪಿಂಗಿನವರೂ ಇಲ್ಲ. ಅಷ್ಟು ದೊಡ್ಡ ಕಟ್ಟಡದಲ್ಲಿ ವಾಚಮನ್ ಮತ್ತು ನಾನು. ಅವನಿಗೆ ಹೋಳಿಗೆ ಕೊಟ್ಟು ಬಂದೆ. ಉಳಿದದ್ದನ್ನು ನಾಲ್ಕು ದಿನ ತಿಂದೆ. ಮೈಕಿನ ಹೆಣ್ಣುದನಿ "ಪ್ರಯಾಣಿಕರ ಗಮನಕ್ಕೆ" ಎಂದಾಗ "ಹೇಳವ್ವಾ" ಎಂದು ಉತ್ತರ ಕೊಡುವ ಅಭ್ಯಾಸ ನನಗೆ ಆಗ ಶುರುವಾಯಿತು. ಮಕ್ಕಳು ಹಾಗೆ ಮಾಡಿದ್ದರೆ ನಾನೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಇನ್ನು ಆ ಮಧ್ಯಾಹ್ನದ ಮಾತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದು ಬರೆದು ಪ್ರಯೋಜನವಿಲ್ಲ.

ಬೇಸಿಗೆ. ಊಟ ಮುಗಿಸಿ ಜೋಳ ಹಸನು ಮಾಡುತ್ತ ಕೂತಿದ್ದೆ. ಕರೆಂಟು ಹೋಯಿತು. ಫ್ಯಾನು ನಿಂತಿತು, ಮೈಕೂ ನಿಂತಿತು. ಬಸ್ ಸ್ಟ್ಯಾಂಡಿನಲ್ಲಿ ಒಂದೆರಡೇ ಬಸ್ಸುಗಳು, ಅವೂ ಇಂಜಿನ್ ಬಂದ್ ಮಾಡಿ ನಿಂತಿದ್ದವು. ಹಾಗೆ ಸದ್ದಡಗಿದ ಗಳಿಗೆ ಆ ಮನೆಯಲ್ಲಿ ವಿರಳ. ಆಗ ಕೆಳಗಿನಿಂದ ಒಂದು ದನಿ ಬಂತು.

"ತಂಗೆವ್ವಾ..."

ಮೊರದಲ್ಲಿದ್ದ ನನ್ನ ಕೈ ಅಲ್ಲೇ ನಿಂತಿತು. ಆ ದನಿ ಯಾರದೆಂದು ಯೋಚಿಸಬೇಕಾಗಿರಲಿಲ್ಲ. ಎರಡು ವರ್ಷ ನಿಪ್ಪಾಣಿ ಬಸ್ಸಿನ ತಲೆಗಳನ್ನು ಎಣಿಸಿದವಳು ನಾನು. ಎದ್ದೆ. ಎರಡೇ ಹೆಜ್ಜೆಗೆ ಗ್ಯಾಲರಿ. ಆದರೆ ನಾನು ಗ್ಯಾಲರಿಗೆ ಹೋಗಲಿಲ್ಲ, ಬಾಗಿಲಿಗೆ ಹೋದೆ. ಚಿಲಕ ತೆಗೆದು ಬಾಗಿಲನ್ನು ಒಂದು ಗೇಣು ತೆರೆದು ಅದರ ಹಿಂದೆ ನಿಂತೆ.

ಯಾಕೆ ಹಾಗೆ ಮಾಡಿದೆ ಎಂದು ಹೇಳಲೇಬೇಕು. ಅವಳು ಹತ್ತಿ ಬರಲಿ ಎಂದು. ಬಸ್ ಸ್ಟ್ಯಾಂಡಿನ್ಯಾಗ ಯಾರರೇ ಮನಿ ಮಾಡ್ತಾರೇನ್ ಎಂದವಳು ಮೂರು ಮಹಡಿ ಹತ್ತಿ ನನ್ನ ಹೊಸ್ತಿಲು ತುಳಿಯಲಿ, ನನ್ನ ಹಾಲ್ ನೋಡಲಿ, ನನ್ನ ಟೈಲ್ಸಿನ ಅಡಿಗೆಮನೆ ನೋಡಲಿ, ಆಮೇಲೆ ಮಾತಾಡೋಣ. ಅವಳು ಕರೆದಳು ಎಂದ ಕೂಡಲೇ ಲಂಗ ಹಾಕಿದ ಹುಡುಗಿಯ ಹಾಗೆ ಓಡಿ ಇಳಿಯುವ ವಯಸ್ಸು ನನ್ನದಲ್ಲ ಎಂದುಕೊಂಡೆ. ಬಾಗಿಲ ಸಂದಿಯಲ್ಲಿ ಮೆಟ್ಟಿಲಿಗೆ ಕಿವಿಗೊಟ್ಟು ನಿಂತೆ.

"ತಂಗೆವ್ವಾ..." ಎರಡನೆಯ ಸಲ. ಮೂರನೆಯ ಸಲ ದನಿ ಸ್ವಲ್ಪ ಸಣ್ಣದಾಗಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಬರಲಿಲ್ಲ. ಕರೆಂಟು ಬಂತು. ಮೈಕು ಗೊರಗೊರ ಎಂದು ಒದರಲು ಶುರುಮಾಡಿತು. ಇನ್ನೊಂದು ಸಲ ಕರೆದಳೋ ಇಲ್ಲವೋ ಗೊತ್ತಿಲ್ಲ. ಗ್ಯಾಲರಿಗೆ ಹೋದಾಗ ನಿಪ್ಪಾಣಿಯ ಬಸ್ಸು ಗೇಟು ದಾಟುತ್ತಿತ್ತು. ಕಿಟಕಿಗಳಲ್ಲಿ ಯಾರ ಮುಖವೂ ಗುರುತು ಸಿಗಲಿಲ್ಲ.

ಆಗ ನನಗೆ ದುಃಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಗೆದ್ದ ಹಾಗೆ ಅನಿಸಿತು. ಬಂದಳಲ್ಲ, ಕೊನೆಗೂ ಅವಳೇ ಬಂದಳಲ್ಲ ಎಂದು ಒಬ್ಬಳೇ ಚಹಾ ಮಾಡಿಕೊಂಡು ಕುಡಿದೆ. ಒಮ್ಮೆ ಬಂದವಳು ಮತ್ತೆ ಬರುತ್ತಾಳೆ, ಮುಂದಿನ ಸಲ ಹತ್ತುತ್ತಾಳೆ. ಮರುದಿನದಿಂದ ಮಧ್ಯಾಹ್ನದ ಹೊತ್ತು ಬಾಗಿಲನ್ನು ಅರ್ಧ ತೆರೆದಿಟ್ಟು ಕೂತೆ. ಒಂದು ಡಬ್ಬಿ ಶೇಂಗಾ ಉಂಡಿ ಕಟ್ಟಿಟ್ಟೆ, ಅವಳಿಗೆ ಅದು ಇಷ್ಟ. ಉಂಡಿ ಗಟ್ಟಿಯಾದವು. ಮಳೆಗಾಲ ಹಿಡಿಯಿತು, ತೆರೆದ ಬಾಗಿಲಿನಿಂದ ಇರಚಲು ಹೊಡೆದು ಹಾಲ್ ಒದ್ದೆಯಾಯಿತು. ಬಂದದ್ದು ಕೇಬಲ್ಲಿನವನು ಮತ್ತು ಒಂದು ಬೆಕ್ಕು.

ಕೆಳಗಿನ ಚಹಾದ ಅಂಗಡಿಯನ್ನು ನಡೆಸುವವಳು ನನ್ನಷ್ಟೇ ವಯಸ್ಸಿನ ಹೆಂಗಸು. ಹಾಲು ತರಲು ಇಳಿದಾಗ ಒಂದು ಸಂಜೆ ತಾನಾಗಿ ಕೇಳಿದಳು.

"ಅಕ್ಕೋರ, ನಿಮ್ಮ ಅಕ್ಕಾರು ಬರೂದ ಬಿಟ್ರೇನ್ರಿ?"

"ಯಾವ ಅಕ್ಕಾರು?"

"ನಿಪ್ಪಾಣಿ ಕಡೀದವ್ರರಿ. ಹಸರ ಸೀರಿ, ಕೈಯಾಗ ಊರಾಕ ಒಂದ ಬಡಗಿ. ನಾಕ ಸಲ ಬಂದಿದ್ರಲ್ಲರಿ. ಇಲ್ಲೆ ಬೆಂಚಿನ ಮ್ಯಾಲ ಕುಂಡ್ರತಿದ್ರು. ನಿಮ್ಮ ಮನಿ ಯಾವ್ದಂತ ನಾನ ತೋರ್ಸಿದೆ."

ನಾಲ್ಕು ಸಲ. ನಾನು ಒಂದೇ ಎಂದುಕೊಂಡಿದ್ದೆ.

"ಮ್ಯಾಲ ಹೋಗ್ರಿ ಅಂತ ಹೇಳ್ಬೇಕಿಲ್ಲೇನ್ರಿ?" ಎಂದೆ. ನನ್ನ ದನಿ ಶಾಲೆಯ ದನಿಯಾಗಿತ್ತು.

"ಹೇಳಿದ್ನಲ್ಲರಿ. ಮೊಣಕಾಲಾಗ ಏನೂ ಉಳಿದಿಲ್ಲ, ಮೂರ ಮಜಲಾ ನಾ ಹತ್ತಲ್ಲ ಅಂದ್ರು. ಆ ಲಿಫ್ಟ್ ಅಂತೂ ಶುರುನ ಆಗಿಲ್ಲ, ಬಾಗಲಿಗಿ ಇನ್ನೂ ಹಲಿಗಿ ಬಡದಾರ. ನಾ ಹೋಗಿ ಕರ್ಕೊಂಬರ್ತೀನಿ ಅಂದ್ರ ಬ್ಯಾಡಂದ್ರು. ನಾ ಕರದ್ರ ಇಳದ ಬರ್ತಾಳ, ಮಂದೀ ಕಡಿಂದ ಯಾಕ ಕರಸ್ಲಿ ಅಂದ್ರು. ಬಂದಿದ್ದ ಹೇಳಬ್ಯಾಡಂತ ಆಣಿ ಹಾಕಿದ್ರರಿ. ಅದಕ್ಕ ಸುಮ್ಮನಿದ್ದೆ. ಇಷ್ಟ ದಿನಾ ಕಾಣ್ಲಿಲ್ಲಂತ ಚಿಂತಿ ಆಗಿ ಕೇಳಿದೆ."

ಹಾಲಿನ ಪಾಕೀಟು ಕೈಯಲ್ಲಿ ಹಿಡಿದು ಅದೇ ಬೆಂಚಿನ ಮೇಲೆ ಕೂತೆ. ಅಲ್ಲಿಂದ ನೋಡಿದರೆ ನನ್ನ ಗ್ಯಾಲರಿ ಚೆನ್ನಾಗಿ ಕಾಣುತ್ತದೆ. ಕತ್ತು ಮಾತ್ರ ನೋಯುತ್ತದೆ. ಮೂರು ಸಲ ಬಸ್ಸಿನ ಗದ್ದಲದಲ್ಲಿ ಅವಳ ದನಿ ನನ್ನ ತನಕ ಬಂದಿರಲಿಲ್ಲ, ಅದಕ್ಕೆ ನನ್ನನ್ನು ಯಾರೂ ಹೊಣೆ ಮಾಡಲಾರರು. ನಾಲ್ಕನೆಯದು ಬಂದಿತ್ತು. ಬೀಡಿ ಸುತ್ತಲು ಮಡಿಸಿ ಕೂತು ಕೂತು ಸವೆದ ಮೊಣಕಾಲು ಅವಳದು. ಯಾರಿಗಾಗಿ ಸುತ್ತಿದಳು ಎಂಬುದನ್ನು ಚಹಾದಂಗಡಿಯವಳ ಮುಂದೆ ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಮೂರು ಮಹಡಿ ಇಳಿಯುವುದಕ್ಕೆ ನನ್ನ ಕಾಲುಗಳಿಗೆ ಏನೂ ಆಗಿರಲಿಲ್ಲ.

ಮರುದಿನ ಮೊದಲ ಬಸ್ಸಿಗೇ ನಿಪ್ಪಾಣಿಗೆ ಹೊರಟೆ. ಸೀಟು ಸಿಕ್ಕಿತು, ಕಿಟಕಿಯ ಪಕ್ಕ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಪಾಠದ ಹಾಗೆ ಮನಸ್ಸಿನಲ್ಲಿ ಒಪ್ಪಿಸಿಕೊಂಡೆ. ಅಕ್ಕಾ, ಕೇಳಿಸಿತ್ತು. ಬಾಗಿಲ ಹಿಂದೆ ನಿಂತಿದ್ದೆ. ನೀನು ಹತ್ತಿ ಬರಲಿ ಅಂತ ಸೊಕ್ಕು ಮಾಡಿದೆ. ಬಯ್ಯಿ, ಹೊಡಿ, ಏನು ಬೇಕಾದರೂ ಮಾಡು. ನಾಲ್ಕೇ ಮಾತು. ಹೊಗೆಸೊಪ್ಪಿನ ಹೊಲಗಳು ಬಂದವು, ಹೋದವು. ನಿಪ್ಪಾಣಿಯಲ್ಲಿ ಇಳಿದು ಅವಳ ಹಳ್ಳಿಗೆ ಟಂಟಂ ರಿಕ್ಷಾ ಹಿಡಿಯುವ ತನಕ ಆ ನಾಲ್ಕು ಮಾತು ಬಾಯಿಪಾಠವಾಗಿದ್ದವು.

ಹೊರಗೆ ನಿಂತು ನಾನು ಕರೆದೆ. "ಅಕ್ಕಾ..."

"ಬಾ ಬೇ, ಒಳಗ ಬಾ," ಎಂದು ಒಳಗಿನಿಂದ ದನಿ ಬಂತು. ಎರಡು ವರ್ಷ ನಡುವೆ ಏನೂ ಆಗಿಯೇ ಇಲ್ಲವೆಂಬ ಹಾಗೆ. ಅವಳು ಹೊಸ್ತಿಲಿಗೆ ಬರಲಿಲ್ಲ, ಸೊಸೆ ಬಂದಳು. ಬಂದವಳು ಮೆಲ್ಲಗೆ ಹೇಳಿದಳು, "ಅತ್ಯಾರು ಈಗ ಏಳಂಗಿಲ್ರಿ. ಬ್ಯಾಸಗ್ಯಾಗ ಚಿಕ್ಕೋಡಿಗಿ ಹೋಗಿ ಬಂದ್ರಲ್ಲರಿ, ಅವತ್ತಿಂದ ಕಾಲ ಬಾತು ಬಿಟ್ಟಾವ. ಬಸ್ ಹತ್ತೂದ ಪೂರಾ ಬಂದ್ ಅಂತ ಡಾಕ್ಟರ್ ಹೇಳ್ಯಾರ. ಎದಕ್ಕ ಹೋಗಿದ್ರೋ ಏನೋ. ಮೊಣಕಾಲಿಗೆ ಎಣ್ಣಿ ತರ್ತೀನಿ, ಚಿಕ್ಕೋಡ್ಯಾಗ ಒಬ್ಬ ವೈದ್ಯ ಅದಾನ ಅಂತಿದ್ರು. ನಾಕ ಸಲ ಹ್ವಾದ್ರು, ಒಮ್ಮೆನೂ ಎಣ್ಣಿ ತರ್ಲಿಲ್ಲ. ವೈದ್ಯ ಸಿಗ್ಲಿಲ್ಲ ಅಂತಿದ್ರು."

ಅಕ್ಕ ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದಳು. ಕಾಲ ಮೇಲೆ ಹೊದಿಕೆ. ಸೊರಗಿದ್ದಳು, ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ, "ಸೊರಗೀದಿ ಬೇ. ಒಬ್ಬಾಕಿಗೇ ಅಡಿಗಿ ಮಾಡ್ಕೊಳ್ಳಾಕ ಬ್ಯಾಸರಾ ಅಂತ ಉಪಾಸ ಬೀಳ್ತಿಯೇನ?" ಎಂದಳು. ನಾನು ಅವಳ ಕಾಲ ಬುಡದಲ್ಲಿ ಕೂತೆ. ಸೊಸೆ ನೀರು ತಂದಳು. ಪಕ್ಕದ ಮನೆಯ ಮುದುಕಿ ಒಬ್ಬಳು ಯಾರೋ ಬಂದರೆಂದು ಬಂದು ಬಾಗಿಲಲ್ಲಿ ಕೂತಳು.

ಅಕ್ಕ ಹೊದಿಕೆಯ ಎಳೆಯೊಂದನ್ನು ಎಳೆಯುತ್ತ, ನನ್ನ ಕಡೆ ನೋಡದೆ ಕೇಳಿದಳು.

"ನಾ ಕರದದ್ದ ನಿನಗ ಕೇಳಸ್ಲಿಲ್ಲೇನ?"

ನಾಲ್ಕು ಮಾತೂ ಗಂಟಲ ತನಕ ಬಂದಿದ್ದವು. ಅವಳು ತಲೆ ಎತ್ತಿದಳು. ನಾನು ಬಹಳ ಮಕ್ಕಳ ಮುಖಗಳನ್ನು ನೋಡಿದವಳು. ಉತ್ತರ ಇದೇ ಆಗಿರಲಿ ಎಂದು ಬೇಡಿಕೊಳ್ಳುವ ಮುಖ ನನಗೆ ಗುರುತು ಸಿಗುತ್ತದೆ. ಎಪ್ಪತ್ತು ದಾಟಿದ ನನ್ನ ಅಕ್ಕ ಹಾಗೆ ನನ್ನನ್ನು ನೋಡುತ್ತಿದ್ದಳು. ಹೆದರಿ ಸುಳ್ಳು ಹೇಳಿದೆನೋ, ಕನಿಕರಕ್ಕೆ ಹೇಳಿದೆನೋ, ಈಗಲೂ ನನಗೆ ಖಾತ್ರಿಯಿಲ್ಲ. ಹೆದರಿಕೆಯೇ ಹೆಚ್ಚಿರಬೇಕು.

"ಇಲ್ಲಕ್ಕಾ," ಎಂದೆ. "ಬಸ್ಸಿನ ಗದ್ದಲ. ಆ ಮೈಕ ಬ್ಯಾರೆ. ಏನೂ ಕೇಳ್ಸೂದಿಲ್ಲಲ್ಲಿ."

ಅವಳ ಮೈಯೆಲ್ಲ ಸಡಿಲಾದದ್ದು ಕಂಡಿತು. ಗೋಡೆಗೆ ಒರಗಿದಳು. ಸೊಸೆಯ ಕಡೆ ತಿರುಗಿ, "ಕೇಳಿದೇನ? ನಾ ಹೇಳಿದ್ದಿಲ್ಲ? ಕೇಳ್ಸಿದ್ರ ಓಡಿ ಬರ್ತಿದ್ಲು ಅಂತ," ಎಂದಳು. ಸೊಸೆಗೆ ಏನೂ ತಿಳಿಯಲಿಲ್ಲ, ಸುಮ್ಮನೆ ಹೌದೆಂದಳು. ಬಾಗಿಲಲ್ಲಿ ಕೂತ ಮುದುಕಿಗೆ ಅಕ್ಕ ಮೊದಲಿನಿಂದ ಎಲ್ಲ ಹೇಳಿದಳು: ತಂಗಿಯ ಮನೆ ಎಷ್ಟು ಎತ್ತರದಲ್ಲಿದೆ, ಬಸ್ಸುಗಳು ಹೇಗೆ ಒದರುತ್ತವೆ, ತಾನು ನಾಲ್ಕು ಸಲ ಹೋಗಿ ಎಷ್ಟು ಕೂಗಿದರೂ ಆ ಗದ್ದಲದಲ್ಲಿ ಪಾಪ ಆಕೆಗೆ ಹೇಗೆ ಕೇಳಿಸಬೇಕು. ಹೇಳುತ್ತ ಹೇಳುತ್ತ ಬಸ್ಸುಗಳನ್ನು ಚೆನ್ನಾಗಿ ಬಯ್ದಳು. ನಾನು ಆ ಸಂಜೆ ಚಿಕ್ಕೋಡಿಗೆ ಮರಳಲಿಲ್ಲ. ಅವಳ ಮಂಚದ ಪಕ್ಕ ಚಾಪೆ ಹಾಸಿಕೊಂಡೆ.

ಈಗ ವಾರಕ್ಕೊಮ್ಮೆ ಹೋಗುತ್ತೇನೆ. ಲಿಫ್ಟು ಶುರುವಾಗಿದೆ, ಆದರೆ ಅಕ್ಕನಿಗೆ ಇನ್ನು ಬಸ್ಸು ಹತ್ತುವ ಶಕ್ತಿ ಬರುವುದಿಲ್ಲ, ನನ್ನ ಮನೆಯನ್ನು ಅವಳು ನೋಡುವುದಿಲ್ಲ. ಮೊಬೈಲಿನಲ್ಲಿ ಹಾಲ್, ಅಡಿಗೆಮನೆ, ಗ್ಯಾಲರಿ ತೋರಿಸಿದೆ. "ಚಲೋ ಐತಿ," ಎಂದಳು. ಮಾತಾಡಿಸಲು ಯಾರು ಬಂದರೂ ನನ್ನನ್ನು ತೋರಿಸಿ ಅದೇ ಕತೆ ಹೇಳುತ್ತಾಳೆ. ಹೇಳುವಾಗ ಮುಖ ಬೆಳಗುತ್ತದೆ. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟುತ್ತೇನೆ. ನಿಜ ಹೇಳಿಬಿಡಬೇಕೆಂದು ಪ್ರತಿ ಸಲ ಹೋಗುವಾಗ ಬಸ್ಸಿನಲ್ಲಿ ಅಂದುಕೊಳ್ಳುತ್ತೇನೆ. ಹೇಳಿದರೆ ನನ್ನ ಎದೆ ಹಗುರಾಗುತ್ತದೆ, ಅವಳ ಕತೆ ಹೋಗುತ್ತದೆ.

ಹೋದ ವಾರ ಬಂದವರೆಲ್ಲ ಎದ್ದು ಹೋದ ಮೇಲೆ ನಾವಿಬ್ಬರೇ ಉಳಿದೆವು. ನಾನು ಏನೋ ಹೇಳಲಿದ್ದೇನೆ ಎಂದು ಅವಳಿಗೆ ಅನಿಸಿರಬೇಕು. ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಬೀಡಿ ಸುತ್ತಿ ಒರಟಾದ ಹೆಬ್ಬೆರಳಿನಿಂದ ಒತ್ತಿದಳು.

"ಮನಸ್ಸಿಗಿ ಹಚ್ಕೋಬ್ಯಾಡ ಬೇ," ಎಂದಳು. "ಕೇಳಿಸಲಿಲ್ಲಂದ್ರ ನಿಂದೇನ ತಪ್ಪ ಐತಿ ಅದ್ರಾಗ?"